ಪ್ಲಗ್ಗಿನವರೂ ಕಾಯಿಲಿನವರೂ

ಪೆಟ್ರೋಲಿಗೆ ಎಂಜಿನ್ ಆಯಿಲ್ ಬೆರೆಸಿ ಚೆನ್ನಾಗಿ ಅಲ್ಲಾಡಿಸಿದರೆ ಒಂದು ವಾಸನೆ ಬರುತ್ತದೆ. ಚಿಕ್ಕವಳಿದ್ದಾಗ ನನಗೆ ಅದೇ ಅಪ್ಪನ ವಾಸನೆ. ಸಂಜೆ ಬಾಗಿಲಿಗೆ ಮೊದಲು ಅದು ಬರುತ್ತಿತ್ತು, ಅದರ ಹಿಂದೆ ಅಪ್ಪ, ಅಪ್ಪನ ಹಿಂದೆಯೇ ಅಮ್ಮನ ಬೈಗುಳ. ಸೋಪು ಹಚ್ಚಿ ಉಜ್ಜಿದರೂ ಹೋಗದ ಆ ಕೈಯಲ್ಲೇ ಅಪ್ಪ ನಮ್ಮ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತಿದ್ದರು. ನನ್ನ ಭೂಗೋಳದ ಪುಸ್ತಕ ವರ್ಷವಿಡೀ ದೋಣಿಯ ಹಾಗೆ ನಾರುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗಿ ಮೂಗು ಮುಚ್ಚಿಕೊಂಡೇ ನನ್ನಿಂದ ನಕಾಶೆ ನಕಲು ಮಾಡುತ್ತಿದ್ದಳು.

ಆ ವಾಸನೆಯ ಮೂಲ ದೋಣಿಯ ಹಿಂಭಾಗಕ್ಕೆ ಕಚ್ಚಿಸುವ ಒಂದು ಹಳೆಯ ಮೋಟಾರು. ಅಪ್ಪ ಹೋಗುವಾಗ ಅದನ್ನು ನನಗೂ ನನ್ನ ತಮ್ಮನಿಗೂ ಸೇರಿಸಿ ಬಿಟ್ಟುಹೋದರು. ಮನೆ, ಪಾತ್ರೆ, ಕುರ್ಚಿ ಏನನ್ನು ಬೇಕಾದರೂ ಪಾಲು ಮಾಡಬಹುದು. ಮೋಟಾರನ್ನು ಪಾಲು ಮಾಡಿದರೆ ಎರಡು ಮೋಟಾರಾಗುವುದಿಲ್ಲ, ಒಂದು ಬುಟ್ಟಿ ಗುಜರಿಯಾಗುತ್ತದೆ. ನನಗೆ ಈಜು ಬಾರದು, ದೋಣಿಯ ಆಸೆಯೂ ಇಲ್ಲ. ಹಾಗಾಗಿ ನನ್ನ ಪಾಲನ್ನು ನಮ್ಮ ಯಜಮಾನರು ವಹಿಸಿಕೊಂಡರು.

ನಮ್ಮ ಯಜಮಾನರು ಹವಾಮಾನ ಕಚೇರಿಯಲ್ಲಿದ್ದು ನಿವೃತ್ತರಾದವರು. ಜೀವನವಿಡೀ ನಾಳೆಯ ಬಗ್ಗೆ ಮಾತಾಡಿ ಸಂಬಳ ಪಡೆದವರಿಗೆ ಆ ಚಟ ಸುಲಭವಾಗಿ ಬಿಡುವುದಿಲ್ಲ. ಕಾಫಿ ಲೋಟ ಕೈಗೆ ಬಂದ ಕೂಡಲೇ, ಬಾಯಿಗೆ ಇಡುವ ಮುಂಚೆಯೇ, "ಸಕ್ಕರೆ ಕಡಿಮೆ ಇರುವ ಸಾಧ್ಯತೆ ಅರವತ್ತು ಪರ್ಸೆಂಟ್" ಅನ್ನುತ್ತಾರೆ. ಬೀದಿಯವರೆಲ್ಲ ಅವರನ್ನು ಹವಾಮಾನದ ಯಜಮಾನರು ಎಂದೇ ಕರೆಯುತ್ತಾರೆ. ಅವರು ಮಳೆ ಎಂದ ದಿನ ಜನ ಧೈರ್ಯವಾಗಿ ಬಟ್ಟೆ ಒಣಹಾಕುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಲ್ಲ, ನಮ್ಮ ಬೀದಿಯಲ್ಲಿ ಅಷ್ಟು ಸೌಜನ್ಯವಿದೆ.

ನನ್ನ ತಮ್ಮ ಹಲ್ಲಿನ ಡಾಕ್ಟರು. ಎದುರಿಗೆ ಕೂತವರು ಉತ್ತರ ಕೊಡಲಾಗದ ಸ್ಥಿತಿಯಲ್ಲಿರುವಾಗಲೇ ಮಾತಾಡಿ ಅಭ್ಯಾಸವಾದವನು. ಆದ್ದರಿಂದ ಅವನಿಗೆ ಯಾರಾದರೂ ಎದುರು ಮಾತಾಡಿದರೆ ಆಶ್ಚರ್ಯವಾಗುತ್ತದೆ.

ಈ ಇಬ್ಬರೂ ದಿನಾ ಸಂಜೆ ಹಿನ್ನೀರಿನ ಜೆಟ್ಟಿಯಲ್ಲಿ ನಮ್ಮ ದೋಣಿ ಕಟ್ಟುವ ಜಾಗದಲ್ಲಿ ಕೂರುತ್ತಿದ್ದರು. ಮೀನು ಹಿಡಿಯುತ್ತೇವೆ ಅನ್ನುತ್ತಿದ್ದರು. ಮೀನಿಗೆ ಆ ವಿಷಯ ಗೊತ್ತಿರಲಿಲ್ಲ. ನಿವೃತ್ತಿಯಾದ ಹೊಸದರಲ್ಲಿ ನಮ್ಮವರು ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಹತ್ತಿರ ಕೂತು ಮೋಡ ನೋಡುತ್ತಿದ್ದರು. ಊಟಕ್ಕೆ ಕರೆದರೆ, ಹಸಿವಾಗುವ ಸಾಧ್ಯತೆ ಕಡಿಮೆ ಅನ್ನುತ್ತಿದ್ದರು. ಆಗ ನನ್ನ ತಮ್ಮ ಕೊನೆಯ ಒಂದಿಬ್ಬರು ರೋಗಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಸಂಜೆ ಬಂದು ಬಾಗಿಲಲ್ಲಿ ನಿಂತು, "ಭಾವ, ಮೋಟಾರು ಯಾಕೋ ಕೆಮ್ಮುತ್ತಿದೆ, ಸ್ವಲ್ಪ ಬಂದು ನೋಡ್ತೀರಾ?" ಅನ್ನುತ್ತಿದ್ದ. ಮೋಟಾರು ಕೆಮ್ಮುತ್ತಿರಲಿಲ್ಲ. ನಾನು ಆ ಜೆಟ್ಟಿಗೆ ಋಣಿಯಾಗಿದ್ದೇನೆ. ಆ ಜಾಗ ಹೋದರೆ ಮತ್ತೆ ಕಿಟಕಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಜಲಸಾರಿಗೆ ಕಚೇರಿಯಿಂದ ಹೊಸ ನಿಯಮ ಬಂತು. ಜೆಟ್ಟಿಯಲ್ಲಿ ಕಟ್ಟಿರುವ ಪ್ರತಿ ದೋಣಿಯೂ ದೋಣಿ ಇನ್‌ಸ್ಪೆಕ್ಟರ ಎದುರು ಸ್ವಂತ ಮೋಟಾರಿನಿಂದ ಹೊರಟು, ನೀರಿನ ನಡುವೆ ನಿಲ್ಲಿಸಿರುವ ಕೆಂಪು ಕಂಬವನ್ನು ಸುತ್ತಬೇಕು. ಆಗದಿದ್ದರೆ ಜಾಗ ಕಾಯುತ್ತಿರುವ ಬೇರೆಯವರಿಗೆ.

ಸುದ್ದಿ ಬಂದಾಗ ನಮ್ಮವರು ಕ್ಷೌರದ ಅಂಗಡಿಯಲ್ಲಿದ್ದರು. ಕ್ಷೌರಿಕರು ಕುತ್ತಿಗೆಯ ಹತ್ತಿರ ಕತ್ತಿ ಇಟ್ಟುಕೊಂಡು, "ನಿಮ್ಮ ಮೋಟಾರು ಹೊರಡತ್ತಾ ಯಜಮಾನರೇ?" ಎಂದು ಕೇಳಿದರಂತೆ.

"ನಮ್ಮದಾ? ಒಂದೇ ಎಳೆತ. ನೂರು ಪರ್ಸೆಂಟ್."

ಕ್ಷೌರಿಕರು ಕತ್ತಿ ಕೆಳಗಿಟ್ಟರಂತೆ. ನಮ್ಮವರ ಬಾಯಲ್ಲಿ ನೂರು ಎಂಬ ಸಂಖ್ಯೆಯನ್ನು ಯಾರೂ ಕೇಳಿರಲಿಲ್ಲ. ಬಿರುಗಾಳಿ ಅವರ ಕಚೇರಿಯ ಕಿಟಕಿ ಮುರಿದು ಒಳಗೆ ಬಂದಾಗಲೂ ಅವರು, ಬಿರುಗಾಳಿ ಬರುವ ಸಾಧ್ಯತೆ ತೊಂಬತ್ತು ಎಂದಷ್ಟೇ ಹೇಳಿದ್ದರು.

ಅಂದೇ ಸಂಜೆ ಮೋಟಾರು ಸತ್ತುಹೋಯಿತು.

ಮೋಟಾರು ಹೊರಡಿಸುವ ಹಗ್ಗ ಎಳೆದರು, ಅದು ಗುರ್ ಎಂದು ಸುಮ್ಮನಾಯಿತು. ಸರದಿಯ ಮೇಲೆ ಎಳೆದರು. ಜೆಟ್ಟಿಯ ಮೇಲೆ ನಿಂತವರೂ ಒಬ್ಬೊಬ್ಬರಾಗಿ ಎಳೆದರು. ಕೊನೆಗೆ ಇಬ್ಬರೂ ಅದನ್ನು ಮನೆಗೆ ಹೊತ್ತುತಂದು ಊಟದ ಮೇಜಿನ ಪಕ್ಕದ ಬೆಂಚಿಗೆ ಕಚ್ಚಿಸಿದರು. ಕಿಡಿ ಹಾರುತ್ತಿಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಯಾಕೆ ಹಾರುತ್ತಿಲ್ಲ ಎಂಬಲ್ಲಿ ಜಗಳ ಶುರುವಾಯಿತು.

ಓದುಗರಿಗೆ ಇಷ್ಟು ಗೊತ್ತಿದ್ದರೆ ಸಾಕು. ಮೋಟಾರಿನೊಳಗೆ ಕಿಡಿಗೆ ಬೇಕಾದ ಕರೆಂಟು ಹುಟ್ಟಿಸಿಕೊಡುವುದು ಕಾಯಿಲ್. ಆ ಕರೆಂಟನ್ನು ಕಿಡಿಯಾಗಿ ಹಾರಿಸುವುದು ಪ್ಲಗ್. ನಮ್ಮವರು ಪ್ಲಗ್ ಕೆಟ್ಟಿದೆ ಅಂದರು. ನನ್ನ ತಮ್ಮ ಕಾಯಿಲ್ ಅಂದ.

"ಎಪ್ಪತ್ತು ಪರ್ಸೆಂಟ್ ಪ್ಲಗ್ಗು" ಎಂದರು ನಮ್ಮವರು.

"ಭಾವ, ನೋವು ಒಂದು ಕಡೆ ಕಾಣಿಸತ್ತೆ, ಬೇರು ಇನ್ನೊಂದು ಕಡೆ ಇರತ್ತೆ. ಇದು ಕಾಯಿಲ್ಲೇ. ನನ್ನ ಅನುಭವದಲ್ಲಿ ಹೇಳ್ತಿದೀನಿ."

"ನಿನ್ನ ಅನುಭವ ಬಾಯಿದು ಕಣಯ್ಯಾ. ಮೋಟಾರಿಗೆ ಬಾಯಿಲ್ಲ."

"ನಿಮ್ಮ ಅನುಭವ ಆಕಾಶದ್ದು. ನೀವು ಮಳೆ ಅಂದ ದಿನ ಈ ಬೀದಿಯವರೆಲ್ಲ ಬಟ್ಟೆ ಒಗೀತಾರೆ."

ನಾನು ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಬೀದಿ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಅದು. ನಮ್ಮವರು ನನ್ನ ಕಡೆ ತಿರುಗಿ, "ನಿನ್ನ ತಮ್ಮನಿಗೆ ಹೇಳು" ಎಂದರು, "ಕೆಟ್ಟ ಹಲ್ಲು ಬಿಟ್ಟು ಪಕ್ಕದ್ದನ್ನ ಕಿತ್ತವರ ಹತ್ತಿರ ನಾನು ರಿಪೇರಿ ಕಲೀಬೇಕಾಗಿಲ್ಲ ಅಂತ."

"ಅಕ್ಕ, ಭಾವನಿಗೆ ಹೇಳು. ಪಕ್ಕದ್ದೂ ಕೆಟ್ಟಿತ್ತು ಅಂತ."

ಇಬ್ಬರ ನಡುವೆ ನೇರ ಮಾತು ಅಲ್ಲಿಗೆ ನಿಂತಿತು. ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವಳು. ಅಂದಿನಿಂದ ಟೆಲಿಫೋನ್ ಕಂಬವಾಗಿ ಕೆಲಸಕ್ಕೆ ಸೇರಿದೆ.

ಮಾರನೆಯ ದಿನ ವಿಷಯ ಬೀದಿಗೆ ಹೋಯಿತು. ಕ್ಷೌರಿಕರು ನಮ್ಮವರ ಪರ ನಿಂತರು. ಅವರಿಗೆ ಮೋಟಾರಿನ ಬಗ್ಗೆ ಏನೂ ಗೊತ್ತಿಲ್ಲ, ಆದರೆ ನೂರು ಪರ್ಸೆಂಟ್ ಎಂಬ ಮಾತು ಅವರ ಅಂಗಡಿಯಲ್ಲಿ ಹುಟ್ಟಿದ್ದು, ಅದರ ಮರ್ಯಾದೆ ಅವರದು. ಎದುರಂಗಡಿಯ ಟೈಲರಮ್ಮ ಕಾಯಿಲ್ ಅಂದರು. ಹೊಲಿಗೆ ಮಿಷನ್ನಿನಲ್ಲಿ ಸೂಜಿ ಮುರಿದರೆ ತಪ್ಪು ಯಾವತ್ತೂ ಸೂಜಿಯದಲ್ಲ, ಒಳಗಿನದು ಎಂಬುದು ಅವರ ವಾದ. ವಾರ ಕಳೆಯುವುದರೊಳಗೆ ನಮ್ಮ ಬೀದಿಯಲ್ಲಿ ಪ್ಲಗ್ಗಿನವರು ಮತ್ತು ಕಾಯಿಲಿನವರು ಎಂಬ ಎರಡು ಜನಾಂಗಗಳಾದವು. ಗಿರಾಕಿ ಕುರ್ಚಿಯಲ್ಲಿ ಕೂತ ಮೇಲೆ ಕ್ಷೌರಿಕರು ಬಟ್ಟೆ ಹೊದಿಸಿ, ಕತ್ತರಿ ಎತ್ತಿ, "ನೀವು ಯಾವುದು?" ಎಂದು ಕೇಳುತ್ತಿದ್ದರು. ಕಾಯಿಲ್ ಎಂದವರಿಗೆ ಕಿವಿಯ ಮುಂದಿನ ಕೃತಾವು ಒಂದು ಕಡೆ ಸ್ವಲ್ಪ ಮೇಲಿರುತ್ತಿತ್ತು. ಪ್ಲಗ್ಗಿನವರ ಪ್ಯಾಂಟಿಗೆ ಟೈಲರಮ್ಮ ಜೇಬು ಹೊಲಿಯುತ್ತಿದ್ದರು, ಆದರೆ ಬಾಯಿ ಬಿಡಿಸುತ್ತಿರಲಿಲ್ಲ. ದಾರಿಯಲ್ಲಿ ನಡೆಯುವವರ ಒಂದು ಬದಿಯ ಕೃತಾವನ್ನೋ ಜೇಬನ್ನೋ ನೋಡಿ ಅವರ ಅಭಿಪ್ರಾಯ ಹೇಳಬಹುದಾಗಿತ್ತು.

ಈ ನಡುವೆ ಕ್ಷೌರಿಕರಿಗೇ ಹಲ್ಲು ನೋವು ಬಂತು. ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಅಂಗಡಿಯಲ್ಲಿ ನಿಂತಿದ್ದರು. ಡಾಕ್ಟರ ಹತ್ತಿರ ಹೋಗಬಾರದೇ ಎಂದು ಕೇಳಿದೆ.

"ಕಾಯಿಲ್ ಪಕ್ಷದವರ ಮುಂದೆ ಬಾಯಿ ತೆಗೆಯೋದಿಲ್ಲಮ್ಮ" ಎಂದರು, ಬಾಯಿ ತೆಗೆಯದೆಯೇ.

ಮಧ್ಯಾಹ್ನ ಅಂಗಡಿಯ ಕಿಟಕಿಯ ಕಟ್ಟೆಯ ಮೇಲೆ ಒಂದು ಕಾಗದದ ಪೊಟ್ಟಣ ಇತ್ತು, ಒಳಗೆ ಮಾತ್ರೆಗಳು. ಇಟ್ಟು ಹೋದವರು ಬೀದಿಯ ತುದಿಯಲ್ಲಿ ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆಯುತ್ತಿದ್ದರು. ಆ ನಡಿಗೆ ಚಿಕ್ಕಂದಿನಿಂದ ನೋಡಿದ್ದೇನೆ. ಕ್ಷೌರಿಕರು ಯಾರದೆಂದು ಕೇಳದೆ ನುಂಗಿದರು. ಎದುರು ಪಕ್ಷಕ್ಕೆ ಗುಟ್ಟಾಗಿ ಉಪಕಾರ ಮಾಡುವುದರಲ್ಲಿ ನಮ್ಮವರೂ ಅಷ್ಟೇ. ಟೈಲರಮ್ಮ ಹೊಸ ಬಟ್ಟೆ ನೆನೆಸಿ ಹೊರಗೆ ಹರವಲೋ ಬೇಡವೋ ಎಂದು ಆಕಾಶ ನೋಡುತ್ತಿದ್ದಾಗ, ಕಿಟಕಿಯಿಂದ ಯಾರಿಗೂ ಅಲ್ಲದ ಹಾಗೆ, "ಮಧ್ಯಾಹ್ನ ಮಳೆ ಬರಬಹುದಪ್ಪ" ಎಂದು ಗಟ್ಟಿಯಾಗಿ ಹೇಳಿದರು. ಟೈಲರಮ್ಮ ನೆಮ್ಮದಿಯಿಂದ ಬಟ್ಟೆ ಹರವಿದರು.

ಮನೆಯಲ್ಲಿ ಜಗಳ ಎಂದು ಕೇಳಿ ನಮ್ಮ ಚಿಕ್ಕಮ್ಮ ಬಸ್ಸು ಹತ್ತಿ ಬಂದಿಳಿದರು. ನಮ್ಮ ಮನೆತನದಲ್ಲಿ ನಡೆದ ಜಗಳಗಳೆಲ್ಲ ಆಸ್ತಿಗಾಗಿಯೇ ನಡೆದದ್ದರಿಂದ ಅವರಿಗೆ ಇದೂ ಅದೇ. ಚೀಲ ಕೆಳಗಿಡುವ ಮುಂಚೆಯೇ ತೀರ್ಪು ಕೊಟ್ಟರು.

"ಅವನಿಗೆ ಕಾಯಿಲ್ ಬೇಕಂತೆ, ಇವರಿಗೆ ಪ್ಲಗ್ ಬೇಕಂತೆ. ಒಬ್ಬೊಬ್ಬರು ಒಂದೊಂದು ತಗೊಳ್ಳಿ. ಇದಕ್ಕೆ ಇಷ್ಟು ರಂಪಾಟವಾ?"

"ಚಿಕ್ಕಮ್ಮ, ಅದು ಬೇಕು ಅಂತಲ್ಲ. ಅದು ಕೆಟ್ಟಿದೆ ಅಂತ."

"ಕೆಟ್ಟಿದ್ದಕ್ಕೆ ಹೊಡೆದಾಡ್ತಿದಾರಾ? ನಮ್ಮ ಕಾಲದಲ್ಲಿ ಚೆನ್ನಾಗಿರೋದಕ್ಕೆ ಹೊಡೆದಾಡ್ತಿದ್ವಿ" ಎಂದು ಅವರು ಬೇಜಾರಾಗಿ ಮುಖ ತೊಳೆಯಲು ಹೋದರು.

ಪರೀಕ್ಷೆಯ ದಿನ ಹತ್ತಿರ ಬಂತು. ತಮ್ಮನ ಹೆಂಡತಿ ಮತ್ತು ನಾನು ಸೇರಿ ಇಬ್ಬರನ್ನೂ ಬಗ್ಗಿಸಿದೆವು. ಒಂದು ಸಲ ಕಿಡಿ ಬರುತ್ತದೋ ಇಲ್ಲವೋ ಕಣ್ಣಾರೆ ನೋಡಿ, ಆಮೇಲೆ ಬೇಕಾದರೆ ಜೀವನಪೂರ್ತಿ ಮಾತು ಬಿಡಿ ಎಂದೆವು. ಮಾತಾಡಬೇಕಾಗಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದರು.

ಕಿಡಿ ನೋಡುವುದು ಇಬ್ಬರು ಮಾಡುವ ಕೆಲಸ. ಪ್ಲಗ್ಗನ್ನು ಬಿಚ್ಚಿ, ಅದರ ತಂತಿ ಕೀಳದೆ, ಮೋಟಾರಿನ ಮೈಗೆ ತಾಗಿಸಿ ಒಬ್ಬರು ಹಿಡಿದುಕೊಳ್ಳಬೇಕು. ಇನ್ನೊಬ್ಬರು ಹಗ್ಗ ಎಳೆಯಬೇಕು. ಹಗಲಿನಲ್ಲಿ ಕಿಡಿ ಸರಿಯಾಗಿ ಕಾಣದ್ದರಿಂದ ಮೇಲೆ ಕಂಬಳಿ ಹೊದಿಸಿದೆವು. ಪರಸ್ಪರ ಮುಖ ನೋಡದ ಇಬ್ಬರು ಗಂಡಸರು ಒಂದೇ ಕಂಬಳಿಯೊಳಗೆ, ನಡುವೆ ನಾನು. ಬಾಗಿಲಾಚೆ ಪ್ಲಗ್ಗಿನವರೂ ಕಾಯಿಲಿನವರೂ ಫಲಿತಾಂಶಕ್ಕೆ ಕಾಯುತ್ತ ನಿಂತಿದ್ದರು.

ನನ್ನ ತಮ್ಮ ಪ್ಲಗ್ಗನ್ನು ಹಿಡಿಯಲು ಹಲ್ಲು ಕೀಳುವ ಉಕ್ಕಿನ ಇಕ್ಕಳ ತಂದಿದ್ದ.

"ಅಕ್ಕ, ಎಳೀಬಹುದು ಅಂತ ಭಾವನಿಗೆ ಹೇಳು."

"ಎಳೀಬಹುದಂತೆ ರೀ."

ಅವರು ಹಗ್ಗ ಸುತ್ತಿ ಸಿದ್ಧರಾಗುವಷ್ಟರಲ್ಲಿ ತಮ್ಮ, "ತಡಿ, ಬೆರಳು ಇಕ್ಕಳದ ಮೇಲಿದೆ, ಎಳೀಬೇಡಿ ಅಂತ ಹೇಳು" ಅಂದ. ನಾನು, "ರೀ, ಬೆರಳು" ಅನ್ನುವಷ್ಟರಲ್ಲಿ ಅವರು ಎಳೆದಾಗಿತ್ತು. ಕಂಬಳಿ ಒಂದು ಸಲ ಮೇಲಕ್ಕೆ ನೆಗೆದು ಕೆಳಗೆ ಬಂತು.

"ಏನಾಯ್ತು ಅಂತ ಕೇಳು" ಎಂದರು ನಮ್ಮವರು.

"ಏನೂ ಆಗಿಲ್ಲ ಅಂತ ಹೇಳು" ಎಂದ ತಮ್ಮ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಶಾಕ್ ಹೊಡೀತಾ ಅಂತ ಕೇಳು. ಹೊಡೆದಿದ್ರೆ ಕಾಯಿಲ್ ಬದುಕಿದೆ ಅಂತ ಅರ್ಥ."

"ಹೊಡೀಲಿಲ್ಲ ಅಂತ ಹೇಳು."

"ಹಂಗಾದ್ರೆ ಅವನ ತಲೆಗೂದಲು ಯಾಕೆ ನಿಂತಿದೆ ಅಂತ ಕೇಳು."

"ಅದು ಹುಟ್ಟಿನಿಂದ ಹಂಗೇ ಅಂತ ಹೇಳು."

ಸಿದ್ಧಾಂತಕ್ಕಾಗಿ ಜೈಲಿಗೆ ಹೋದವರ ಬಗ್ಗೆ ನಾನು ಓದಿದ್ದೇನೆ. ಸಿದ್ಧಾಂತಕ್ಕಾಗಿ ಶಾಕ್ ಹೊಡೆಸಿಕೊಂಡು, ಹೊಡೆದಿಲ್ಲ ಎಂದು ಸಾಧಿಸಿದವನನ್ನು ಅಂದೇ ನೋಡಿದ್ದು. ಮತ್ತೆ ಎಳೆದರು, ಮತ್ತೆ ಕಂಬಳಿ ನೆಗೆಯಿತು, ಮತ್ತೆ ಏನೂ ಆಗಿಲ್ಲ. ನಮ್ಮವರಿಗೆ ಅನುಮಾನ ಬಂದು ಇಕ್ಕಳ ತಾವೇ ಹಿಡಿದುಕೊಂಡು ಹಗ್ಗವನ್ನು ತಮ್ಮನಿಗೆ ಕೊಡಿಸಿದರು. ಈ ಸಲ ಬೆಂಚೂ ನೆಗೆಯಿತು.

"ಹೊಡೀತು" ಎಂದರು ನಮ್ಮವರು ಸಂತೋಷದಿಂದ. "ಚೆನ್ನಾಗಿ ಹೊಡೀತು ಅಂತ ಹೇಳು ಅವನಿಗೆ. ಕಾಯಿಲ್ ಗಟ್ಟಿಮುಟ್ಟಾಗಿದೆ."

"ಅಕ್ಕ, ಒಳ್ಳೆ ಕಾಯಿಲ್ ಆಗಿದ್ರೆ ಭಾವ ಇಷ್ಟು ಸ್ಪಷ್ಟವಾಗಿ ಮಾತಾಡ್ತಿರಲಿಲ್ಲ ಅಂತ ಹೇಳು. ಅವರ ಬೆರಳಿಗೆ ಹಾರಿದ ಕಿಡಿ ಹಳದಿ ಬಣ್ಣ ಇತ್ತು. ಕಾಯಿಲಿಗೆ ಶಕ್ತಿ ಇಲ್ಲ."

"ನೀಲಿ ಇತ್ತು ಅಂತ ಹೇಳು."

"ಹಳದಿ."

"ನೀಲಿ."

ಆಮೇಲೆ ಇಬ್ಬರೂ ಕಂಬಳಿಯೊಳಗೇ ನನ್ನ ಕಡೆ ತಿರುಗಿದರು. ಸಾಕ್ಷಿ ನಾನೊಬ್ಬಳೇ. ಬಾಗಿಲಾಚೆ ಗುಸುಗುಸು ನಿಂತಿತು. ನನ್ನ ಕನ್ನಡಕ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮೇಲಿತ್ತು, ಅದೂ ಅಲ್ಲದೆ ಪ್ರತಿ ಸಲ ಎಳೆಯುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹಾಗೆಂದು ಹೇಳಿದೆ. ಹೊರಗೆ ಎರಡೂ ಪಕ್ಷಗಳು ತಮಗೇ ಜಯ ಎಂದುಕೊಂಡು ಹೋದವು.

ಅಂದು ಊಟಕ್ಕೆ ಕೂತಾಗ ನಮ್ಮವರು ತಟ್ಟೆ ನೋಡುತ್ತ ಕೇಳಿದರು. "ಅವನ ಕೈ ನಡುಗ್ತಿತ್ತಲ್ವಾ?"

"ನಡುಗ್ತಿತ್ತು."

"ನಾಳೆ ಯಾರದ್ದಾದ್ರೂ ಹಲ್ಲು ಕೀಳಬೇಕಾದ್ರೆ?"

"ಪಕ್ಕದ್ದೂ ಕೆಟ್ಟಿರತ್ತೆ ಬಿಡಿ."

ಅವರು ನಗಲಿಲ್ಲ. ಕೈ ತೊಳೆದು ಬಂದು ಮೆಲ್ಲಗೆ ಹೇಳಿದರು. "ನಾನು ಒಂದು ಕಾಯಿಲ್ ತಂದು ಹಾಕಿಸ್ತೀನಿ. ಅವನು ಹೇಳಿದ್ದೇ ಸರಿ ಅಂತ ಆಗಿಹೋಗಲಿ. ಚಿಕ್ಕವನು. ನೀನು ಯಾರಿಗೂ ಹೇಳಬೇಡ."

ಮಾರನೆಯ ಬೆಳಿಗ್ಗೆ ಮೋಟಾರನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಕ್ಷೌರಿಕರ ಕಣ್ಣಿಗೆ ಬೀಳಬಾರದೆಂದು ತಲೆಯಿಂದ ಕಾಲಿನವರೆಗೆ ಬಿಳಿ ಹೊದಿಕೆ ಹೊದಿಸಿ, ಮೆಕ್ಯಾನಿಕ್ಕಿನ ಅಂಗಡಿಗೆ ತಳ್ಳಿಕೊಂಡು ಹೊರಟರು. ಸ್ವಂತ ಪಕ್ಷದ ನಾಯಕನೇ ಎದುರು ಪಕ್ಷದ ಕಾಯಿಲ್ ಹಾಕಿಸಲು ಹೋಗುವುದು ಸಣ್ಣ ವಿಷಯವಲ್ಲ. ಟೈಲರಮ್ಮ ಗಾಡಿ ನೋಡಿ ಬಾಗಿಲಿಗೆ ಬಂದು, ಕೈ ಮುಗಿದು, ತಗ್ಗಿದ ದನಿಯಲ್ಲಿ, "ಯಾರು?" ಎಂದು ಕೇಳಿದರಂತೆ. ನಮ್ಮವರು, "ನಮ್ಮ ಮಾವನವರದ್ದು" ಎಂದು ಹೇಳಿ ಮುಂದೆ ಹೋದರು. ಮಾವನವರು ಹೋಗಿ ಬಹಳ ವರ್ಷಗಳಾಗಿದ್ದವು. ಟೈಲರಮ್ಮ ಆ ದಿನ ಮಧ್ಯಾಹ್ನದವರೆಗೆ ಮಿಷನ್ ತುಳಿಯಲಿಲ್ಲ.

ಸಂಜೆಯೊಳಗೆ ಹೊಸ ಕಾಯಿಲಿನ ಮೋಟಾರು ಮತ್ತೆ ಬೆಂಚಿನ ಮೇಲಿತ್ತು, ಸದ್ದಿಗೆ ಗುಟ್ಟು ಬಯಲಾದೀತೆಂದು ನಮ್ಮವರು ಹಗ್ಗ ಎಳೆದು ನೋಡಲಿಲ್ಲ. ಆಗ ತಮ್ಮನ ಹೆಂಡತಿ ಹಿತ್ತಿಲ ಬಾಗಿಲಿಂದ ಬಂದಳು.

"ಅತ್ತಿಗೆ, ಒಂದು ಮಾತು, ಯಾರಿಗೂ ಹೇಳಬೇಡಿ. ಇವರು ಹೊಸ ಪ್ಲಗ್ ತಂದಿದಾರೆ. ಹಗ್ಗ ಎಳೆಯೋವಾಗ ಭಾವನಿಗೆ ಉಸಿರು ಕಟ್ಟಿತಂತೆ. 'ಅವರೇ ಗೆಲ್ಲಲಿ ಬಿಡು, ವಯಸ್ಸಾದವರು' ಅಂತಾರೆ. ನಾಳೆ ಭಾವ ಮಲಗಿದ್ದಾಗ ಬಂದು ಹಾಕಿ ಹೋಗ್ತಾರಂತೆ. ಬಾಗಿಲು ತೆಗೆದಿಟ್ಟಿರಿ."

ನಾನು ಅವಳನ್ನು ಕೂರಿಸಿ ಕಾಯಿಲಿನ ಕಥೆ ಹೇಳಿದೆ. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು. ನಾವೇ ಬಾಯಿ ಬಿಟ್ಟಿದ್ದರೆ ಆಗಲೇ ಎಲ್ಲ ಸರಿಹೋಗುತ್ತಿತ್ತೋ ಏನೋ. ಆದರೆ ಗಂಡಂದಿರು ಹೀಗೆ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಳ್ಳೆಯವರಾಗಿರುವುದನ್ನು ನೋಡುವ ಅವಕಾಶ ಹೆಂಗಸರಿಗೆ ಪದೇ ಪದೇ ಸಿಗುವುದಿಲ್ಲ. ಮರುದಿನ ಮಧ್ಯಾಹ್ನ ತಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದ. ಪ್ಲಗ್ ಬದಲಿಸಿ, ಹಳೆಯದನ್ನು ಜೇಬಿಗೆ ಹಾಕಿಕೊಂಡು, ನಿದ್ದೆಯಲ್ಲಿ ಜಾರಿದ್ದ ಭಾವನ ಹೊದಿಕೆಯನ್ನು ಕಾಲ ಮೇಲೆ ಎಳೆದು ಹೋದ.

ಪರೀಕ್ಷೆಯ ದಿನ ಬೀದಿಗೆ ಬೀದಿಯೇ ಜೆಟ್ಟಿಯಲ್ಲಿತ್ತು. ಪ್ಲಗ್ಗಿನವರು ಎಡಗಡೆ, ಕಾಯಿಲಿನವರು ಬಲಗಡೆ. ಚಿಕ್ಕಮ್ಮ ನಡುವೆ ಮಡಿಸುವ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದೋಣಿ ಇನ್‌ಸ್ಪೆಕ್ಟರು ಎತ್ತರದ, ಗಂಭೀರ ಮನುಷ್ಯ. ತೇಲುವ ಜಾಕೆಟ್ಟು ಒಂದರ ಮೇಲೊಂದು ಎರಡು ತೊಟ್ಟಿದ್ದರು. ವರ್ಗಾವಣೆಯಾಗಿ ಬೆಟ್ಟದ ಮೇಲಿನ ಊರಿನಿಂದ ಬಂದವರಂತೆ. ದೋಣಿಗೆ ಹತ್ತುವಾಗ ನನ್ನ ಕೈ ಹಿಡಿದುಕೊಂಡರು. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರಿಗೂ ಈಜು ಬರುತ್ತಿರಲಿಲ್ಲ.

"ಈಯಮ್ಮ ಯಾಕೆ ದೋಣಿಯಲ್ಲಿ?" ಎಂದು ಕೇಳಿದರು.

"ನಾವಿಬ್ಬರೂ ಮಾತಾಡಬೇಕಾದ್ರೆ ಅವಳು ಬೇಕು ಸರ್" ಎಂದರು ನಮ್ಮವರು. ಇನ್‌ಸ್ಪೆಕ್ಟರು ಅದೂ ಯಾವುದೋ ನಿಯಮ ಇರಬೇಕು ಎಂದುಕೊಂಡು ತಲೆಯಾಡಿಸಿದರು.

ಹಿಂದೆ ಮೋಟಾರಿನ ಹತ್ತಿರ ನಮ್ಮವರು, ಮುಂದೆ ತಮ್ಮ, ನಡುವಿನ ಹಲಗೆಯ ಮೇಲೆ ನಾನು ಮತ್ತು ಸರ್ಕಾರ. ನಮ್ಮವರು ಕಣ್ಣು ಮುಚ್ಚಿ ಹಗ್ಗ ಎಳೆದರು.

ಒಂದೇ ಎಳೆತ. ಮೋಟಾರು ಎಳೆ ಮಗುವಿನ ಹಾಗೆ ಕಿರುಚಿಕೊಂಡು ಎದ್ದಿತು. ಜೆಟ್ಟಿಯ ಎರಡೂ ಕಡೆ ಒಟ್ಟಿಗೆ ಜಯಘೋಷ. ದೋಣಿ ನೀರು ಸೀಳಿಕೊಂಡು ಹೋಗಿ ಕೆಂಪು ಕಂಬವನ್ನು ಚೆಂದವಾಗಿ ಸುತ್ತಿತು. ಅಪ್ಪ ಇದ್ದಿದ್ದರೆ ಇದನ್ನು ನೋಡುವುದಕ್ಕಾಗಿ ಅಮ್ಮನ ಹತ್ತಿರ ಬೈಸಿಕೊಳ್ಳಲೂ ಸಿದ್ಧರಿರುತ್ತಿದ್ದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ನೋಡು" ಎಂದರು ನಮ್ಮವರು ನನಗೆ, ಮೋಟಾರಿನ ಸದ್ದಿನ ಮೇಲೆ. "ಅವನಿಗೆ ಹೇಳು. ಅವನೇ ಸರಿ. ಕಾಯಿಲ್ಲೇ ಕೆಟ್ಟಿತ್ತು. ನಾನು ಹೊಸದು ಹಾಕಿಸಿದೆ, ನೋಡು ಹೆಂಗೆ ಓಡ್ತಿದೆ."

ಹೇಳಿದೆ. ತಮ್ಮ ಥಟ್ಟನೆ ನನ್ನ ಕಡೆ ತಿರುಗಿದ.

"ಇಲ್ಲ ಅಕ್ಕ. ಓಡ್ತಿರೋದು ನಾನು ಹಾಕಿದ ಹೊಸ ಪ್ಲಗ್ಗಿನಿಂದ. ಭಾವನೇ ಸರಿ ಅಂತ ಹೇಳು."

"ನಾನು ಸರಿಯಲ್ಲ ಅಂತ ಹೇಳು."

"ಸರಿ ಅಂತ ಹೇಳು. ಎಪ್ಪತ್ತು ಪರ್ಸೆಂಟ್ ಅಂದಿದ್ರು, ನೂರಕ್ಕೆ ನೂರು ಸರಿ."

"ನನ್ನ ಲೆಕ್ಕ ಯಾವತ್ತಾದ್ರೂ ಸರಿ ಬಂದಿದೆಯಾ ಅಂತ ಕೇಳು ಅವನನ್ನ. ಇಡೀ ಬೀದಿ ಬಟ್ಟೆ ಒಗೀತಿರಲಿಲ್ವಾ?"

"ನಾನು ಪಕ್ಕದ ಹಲ್ಲು ಕಿತ್ತಿದ್ದು ನಿಜ ಅಂತ ಹೇಳು. ಅದು ಕೆಟ್ಟಿರಲಿಲ್ಲ."

ನಾನು ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಕುತ್ತಿಗೆ ಉಳುಕುವ ಹಾಗಾಯಿತು. ಒಬ್ಬೊಬ್ಬರೂ ಇನ್ನೊಬ್ಬರನ್ನು ಗೆಲ್ಲಿಸಲು ಹಟ ಹಿಡಿದಿದ್ದರು. ಸೋಲುವುದಕ್ಕೆ ಇಷ್ಟು ಗಲಾಟೆ ಮಾಡುವವರನ್ನು ಇನ್‌ಸ್ಪೆಕ್ಟರು ಬೆಟ್ಟದ ಮೇಲೂ ನೋಡಿರಲಿಲ್ಲ. ಅವರು ಜಾಕೆಟ್ಟಿನ ಗುಂಡಿ ಹಾಕಿಕೊಂಡರು.

"ಪರೀಕ್ಷೆ ಮಾಡೇಬಿಡೋಣ" ಎಂದು ನಮ್ಮವರು ನೀರಿನ ನಟ್ಟನಡುವೆ ಮೋಟಾರು ನಿಲ್ಲಿಸಿದರು. "ಹಳೇ ಪ್ಲಗ್ ಎಲ್ಲಿದೆ ಅಂತ ಕೇಳು. ಅದನ್ನೇ ಹಾಕ್ತೀನಿ. ಹಳೇ ಪ್ಲಗ್ಗಲ್ಲೂ ಓಡಿದ್ರೆ ಕಾಯಿಲ್ಲೇ ಕೆಟ್ಟಿದ್ದು ಅಂತ, ಅವನೇ ಸರಿ ಅಂತ, ಸಾಬೀತಾಗತ್ತೆ."

"ಓಡಲ್ಲ ಅಂತ ಹೇಳು" ಎಂದು ತಮ್ಮ ಜೇಬಿನಿಂದ ಹಳೆಯ ಪ್ಲಗ್ಗು ತೆಗೆದು ನನ್ನ ಕೈಗಿಟ್ಟ.

ನಮ್ಮವರು ಸ್ಪ್ಯಾನರಿನಿಂದ ಹೊಸ ಪ್ಲಗ್ಗನ್ನು ಸಡಿಲಿಸಿ, ಬೆರಳಿನಿಂದ ಹಿಡಿದು ಎತ್ತಿದರು. ಈಗಷ್ಟೇ ಓಡಿ ಬಂದ ಮೋಟಾರಿನ ಪ್ಲಗ್ಗು ಕೆಂಡದಂತಿರುತ್ತದೆ ಎಂದು ಮುನ್ಸೂಚನೆ ಕೊಡಲು ಹವಾಮಾನ ಕಚೇರಿ ಬೇಕಾಗಿಲ್ಲ. ಹಾಗೆಂದೇ ಇರಬೇಕು, ಕೊಟ್ಟಿರಲಿಲ್ಲ. "ಅಯ್ಯಪ್ಪಾ" ಎಂದರು. ಪ್ಲಗ್ಗು ಗಾಳಿಯಲ್ಲಿ ಒಂದು ಲಾಗ ಹಾಕಿ, ದೋಣಿಯ ಅಂಚಿಗೆ ಟಿಣ್ ಎಂದು ಬಡಿದು, ನೀರಿಗೆ ಬಿತ್ತು. ಮೊದಲ ಬಾರಿಗೆ ಮೀನುಗಳಿಗೆ ನಮ್ಮವರಿಂದ ಏನಾದರೂ ಸಿಕ್ಕಿತು.

ಹಳೆಯ ಪ್ಲಗ್ಗು ಹಾಕಿ ಎಳೆದರು. ಗುರ್. ಮತ್ತೆ ಎಳೆದರು. ಗುರ್.

"ಹೇಳಿರಲಿಲ್ವಾ ಅಕ್ಕ? ಭಾವನೇ ಸರಿ" ಎಂದ ತಮ್ಮ, ಕಣ್ಣಲ್ಲಿ ನೀರು ಬರುವಷ್ಟು ಸಂತೋಷದಿಂದ.

"ಜೇಬಲ್ಲಿ ಇಟ್ಟು ಬೆವರಿಗೆ ಒದ್ದೆಯಾಗಿದೆ. ಒದ್ದೆ ಪ್ಲಗ್ಗಿನ ಸಾಕ್ಷಿ ನಡೆಯಲ್ಲ ಅಂತ ಹೇಳು ಅವನಿಗೆ." ನಮ್ಮವರು ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತ, ಬೆನ್ನು ತಿರುಗಿಸಿ ಕೂತರು. ತಮ್ಮನೂ ಆ ಕಡೆ ತಿರುಗಿ ಕೂತ. ಮೋಟಾರಿನ ಸದ್ದಿಲ್ಲದ ಹಿನ್ನೀರು ಬಹಳ ದೊಡ್ಡದಾಗಿ ಕಂಡಿತು.

ನನಗೆ ಒಳಗೊಳಗೇ ಹೆದರಿಕೆಯಾಯಿತು. ಮುಳುಗುವ ಹೆದರಿಕೆ ಇತ್ತು, ಅದು ಬೇರೆ. ಜಾಗ ಹೋಯಿತು, ಕಿಟಕಿ ಬಂತು ಎಂದುಕೊಂಡೆ. ಮೋಟಾರು ಕೆಟ್ಟದ್ದಕ್ಕೆ ಬಿಟ್ಟ ಮಾತು ಮೋಟಾರು ಸರಿಯಾದರೆ ಬರುತ್ತಿತ್ತು. ಒಬ್ಬರಿಗೊಬ್ಬರು ಮಾಡಿದ ಉಪಕಾರಕ್ಕೆ ಬಿಟ್ಟ ಮಾತು ಯಾವುದರಿಂದ ಬರಬೇಕು?

ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. ನೀರು ನೋಡದೆ, ಆಕಾಶ ನೋಡುತ್ತ ಹೇಳಿದರು. "ಕೆಂಪು ಕಂಬ ಸುತ್ತಬೇಕು ಅಂತ ನಿಯಮ. ಸುತ್ತಿದೀರಿ. ವಾಪಸ್ ಬರಬೇಕು ಅಂತ ಎಲ್ಲೂ ಇಲ್ಲ. ಜಾಗ ನಿಮ್ಮದೇ."

ನಾನು, "ನಿಮಗೆ ಪುಣ್ಯ ಬರಲಿ ಸರ್" ಎಂದೆ. ಅವರು, "ಪುಣ್ಯ ಆಮೇಲೆ. ಮೊದಲು ದಡ ಬರಲಿ" ಎಂದರು. ಮುಂದೆಯೂ ಹಿಂದೆಯೂ ಎರಡು ಬೆನ್ನುಗಳು ಅಲ್ಲಾಡಲಿಲ್ಲ.

ದೂರದಲ್ಲಿ ಜೆಟ್ಟಿಯಿಂದ ಒಂದು ಹುಟ್ಟು ಹಾಕುವ ದೋಣಿ ನಮ್ಮನ್ನು ಎಳೆದುತರಲು ಹೊರಟಿತ್ತು. ಒಂದು ಹುಟ್ಟು ಕ್ಷೌರಿಕರ ಕೈಯಲ್ಲಿ, ಇನ್ನೊಂದು ಟೈಲರಮ್ಮನ ಕೈಯಲ್ಲಿ. ಇಬ್ಬರೂ ತಮ್ಮ ಪಕ್ಷದ ಮರ್ಯಾದೆಗಾಗಿ ಜೀವ ಬಿಟ್ಟು ಹುಟ್ಟು ಹಾಕುತ್ತಿದ್ದರು, ಆದರೆ ಒಬ್ಬರು ನಿಲ್ಲಿಸುವವರೆಗೆ ಇನ್ನೊಬ್ಬರು ಶುರುಮಾಡುತ್ತಿರಲಿಲ್ಲ. ದೋಣಿ ಒಂದೇ ಜಾಗದಲ್ಲಿ ದುಂಡಗೆ ತಿರುಗುತ್ತಿತ್ತು. ದಡದಲ್ಲಿ ಚಿಕ್ಕಮ್ಮ ಕುರ್ಚಿಯಿಂದ ಎದ್ದು ನಿಂತು ಇಬ್ಬರಿಗೂ ಏನೋ ಪಾಲು ಮಾಡಿಕೊಡುತ್ತಿರುವಂತೆ ಕೈ ಬೀಸುತ್ತಿದ್ದರು. ಅವರು ನಮ್ಮನ್ನು ಮುಟ್ಟುವ ಸಾಧ್ಯತೆ ಎಷ್ಟು ಪರ್ಸೆಂಟ್ ಎಂದು ನಮ್ಮವರು ಹೇಳಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಬೆಳಿಗ್ಗೆ ಹೊರಡುವಾಗ ನಾನು ಊಟ ಕಟ್ಟಿಕೊಡಲೇ ಎಂದು ಕೇಳಿದ್ದೆ. ಊಟದ ಹೊತ್ತಿಗೆ ಮನೆಯಲ್ಲಿರುತ್ತೇವೆ ಎಂದು ನಮ್ಮವರು ಹೇಳಿದ್ದರು, ಅವರ ಮಾತು ನಂಬಿ ಸುಮ್ಮನಾಗಿದ್ದೆ. ಇಷ್ಟು ವರ್ಷ ಸಂಸಾರ ಮಾಡಿಯೂ ನಂಬಿದ್ದೆ.

ದೋಣಿಯ ಮುಂಭಾಗದಲ್ಲಿ ಸಣ್ಣಗೆ ಸದ್ದಾಯಿತು. ತಮ್ಮ ಕಾಲ ಬಳಿಯ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಿದ್ದ. ಒಬ್ಬನಿಗೆಂದು ಅವನ ಹೆಂಡತಿ ಕಟ್ಟಿದ್ದು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ. ಒಂದು ಮೊಟ್ಟೆ ಇನ್‌ಸ್ಪೆಕ್ಟರಿಗೆ ಕೊಟ್ಟ, ಒಂದು ತುಂಡು ಬ್ರೆಡ್ಡು ನನಗೆ. ಆಮೇಲೆ ಬ್ರೆಡ್ಡಿನ ಗಟ್ಟಿ ಅಂಚುಗಳನ್ನು ಒಂದೊಂದಾಗಿ ಕಿತ್ತು ತನ್ನ ಬಾಯಿಗೆ ಹಾಕಿಕೊಂಡ. ನಮ್ಮವರ ಹಲ್ಲು ಅವನೇ ನೋಡುತ್ತಾನಲ್ಲ, ಯಾವ ಕಡೆ ಅಗಿಯಲಾಗುವುದಿಲ್ಲ ಎಂದು ಅವನಿಗೆ ಗೊತ್ತು. ಮೆತ್ತಗಿರುವುದನ್ನೆಲ್ಲ ಮುಚ್ಚಳದಲ್ಲಿ ಜೋಡಿಸಿ, ಮೇಲೆ ಉಳಿದ ಮೊಟ್ಟೆ ಇಟ್ಟ.

ನಾನು ಅಭ್ಯಾಸದಂತೆ ತೆಗೆದುಕೊಳ್ಳಲು ಕೈ ಚಾಚಿದೆ, ಏನು ಹೇಳಬೇಕು ಎಂದು ಕೇಳಲು ಬಾಯಿಯನ್ನೂ ತೆರೆದೆ. ಇನ್‌ಸ್ಪೆಕ್ಟರು ಯಾಕೋ ಮುಖವನ್ನು ನೀರಿನ ಕಡೆ ತಿರುಗಿಸಿ, ಹೆದರಿಕೆ ಮರೆತು, ಬಹಳ ಆಸಕ್ತಿಯಿಂದ ನೋಡತೊಡಗಿದರು.

ತಮ್ಮ ಎದ್ದು, ಅಲ್ಲಾಡುವ ದೋಣಿಯಲ್ಲಿ ನನ್ನ ಹೆಗಲು ಹಿಡಿದುಕೊಂಡು, ಮುಚ್ಚಳವನ್ನು ನನ್ನ ಕೈಯ ಮೇಲಿಂದ ದಾಟಿಸಿ ನೇರವಾಗಿ ಅವರ ಮುಂದೆ ಹಿಡಿದ. ನಮ್ಮವರು ಸುಟ್ಟ ಬೆರಳನ್ನು ಬಿಟ್ಟು ಉಳಿದ ಬೆರಳುಗಳಿಂದ ಅದನ್ನು ತೆಗೆದುಕೊಂಡು, ಅವನು ಕೂರಲೆಂದು ಪಕ್ಕಕ್ಕೆ ಸರಿದರು.

ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.